ಗೋಡೆಗೆ ಕಿವಿಗೊಡುವ ಮೊಳೆಯಕ್ಕ

ಬೆಳಿಗ್ಗೆ ಆರು ದಾಟಿ ಐದು ನಿಮಿಷ. ಆರನೇ ಮಹಡಿಯ ಹೊಸ ಮನೆಯೊಂದರ ಊಟದ ಕೋಣೆಯಲ್ಲಿ ಹೆಂಗಸೊಬ್ಬರು ಗೋಡೆಗೆ ಕಿವಿಯೊತ್ತಿ ನಿಂತಿದ್ದಾರೆ. ಬಲಗೈ ಬೆರಳು ಮಡಚಿ ಗೆಣ್ಣಿನಿಂದ ಗೋಡೆಯನ್ನು ಟಕ್ಕೆಂದು ಬಡಿಯುತ್ತಾರೆ, ಕಣ್ಣು ಮುಚ್ಚಿ ಕೇಳುತ್ತಾರೆ, ಒಂದು ಗೇಣು ಆಚೆ ಸರಿಯುತ್ತಾರೆ, ಮತ್ತೆ ಬಡಿಯುತ್ತಾರೆ. ಏನೂ ಗೊತ್ತಿಲ್ಲದವರು ನೋಡಿದರೆ ಪಕ್ಕದ ಮನೆಯ ಗುಟ್ಟು ಕದ್ದು ಕೇಳುತ್ತಿದ್ದಾರೆ ಅಂದುಕೊಂಡಾರು.

“ಇಲ್ಲೀತನಕ ಗಟ್ಟಿ,” ಎಂದು ಪೆನ್ಸಿಲಿನಲ್ಲಿ ಸಣ್ಣದೊಂದು ಗೆರೆ ಎಳೆಯುತ್ತಾರೆ. “ಇಲ್ಲಿಂದಾಚೆ ದನಿ ಬೇರೆ. ಒಳಗೆ ನೀರಿನ ಪೈಪು ಹೋಗಿದೆ. ಅದರ ಸಹವಾಸ ನಮಗೆ ಬೇಡ.”

ಆಮೇಲೆ ನೆಲದ ಮೇಲೆ ಕೂತು ಹಳೆಯ ಪತ್ರಿಕೆಯ ಹಾಳೆಗಳನ್ನು ಹರಡಿಕೊಳ್ಳುತ್ತಾರೆ. ಕತ್ತರಿಯಿಂದ ಮೂರು ದೊಡ್ಡ ದುಂಡನೆಯ ತುಂಡು ಕತ್ತರಿಸಿ, ಏಣಿ ಹತ್ತಿ, ಗೋಡೆಗೆ ಅಂಟಿಸುತ್ತಾರೆ. ಇಳಿದು ಬಂದು ಊಟದ ಮೇಜಿನ ಒಂದೊಂದು ಕುರ್ಚಿಯಲ್ಲೂ ಒಂದೊಂದು ನಿಮಿಷ ಕೂತು ನೋಡುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಾರೆ. ಕಿಟಕಿಯ ಕಡೆಯಿಂದ ಬಿಸಿಲು ಒಳಗೆ ಕಾಲಿಟ್ಟಾಗ ಮತ್ತೊಮ್ಮೆ ನೋಡಿ, ಕಾಗದವನ್ನು ಅರ್ಧ ಇಂಚು ಕೆಳಗಿಳಿಸುತ್ತಾರೆ. ಈ ಕಟ್ಟಡದಲ್ಲಿ ಹತ್ತು ಗಂಟೆಯ ಒಳಗೆ ಡ್ರಿಲ್ ಮೆಷೀನಿನ ಸದ್ದು ಕೇಳಿಸಕೂಡದು ಎಂಬ ನಿಯಮವಿದೆ. ಅವರಿಗೆ ಅದರಿಂದ ಬೇಸರವೇನಿಲ್ಲ.

“ಈ ನಾಲ್ಕು ಗಂಟೆಯೇ ಕೆಲಸ. ತೂತು ಕೊರೆಯೋದೇನು, ಎರಡು ನಿಮಿಷದ ಮಾತು.”

ಮನೆ ಸಿಂಗರಿಸುವವರ ವಲಯದಲ್ಲಿ ಇವರು ‘ಮೊಳೆಯಕ್ಕ’. ಹೆತ್ತವರಿಟ್ಟ ಹೆಸರು ಗೊತ್ತಿರುವುದು ಬ್ಯಾಂಕಿನವರಿಗೆ ಮಾತ್ರ. ವಯಸ್ಸು ನಲವತ್ತೊಂಬತ್ತು. ಗಿಡ್ಡ ಆಳು. ಎತ್ತಿ ಕಟ್ಟಿದ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ದೂಳು ಕೂರದಂತೆ ಬಿಗಿದ ವಸ್ತ್ರ. ಹದಿನೇಳು ವರ್ಷಗಳಿಂದ ಅವರು ಮಾಡುತ್ತಿರುವುದು ಒಂದೇ ಕೆಲಸ: ಬೇರೆಯವರ ಮನೆಯ ಗೋಡೆಗೆ ಅವರವರ ವಸ್ತುಗಳನ್ನು ತೂಗುಹಾಕುವುದು. ಚಿತ್ರ, ಕನ್ನಡಿ, ಗಡಿಯಾರ, ಪುಸ್ತಕದ ಹಲಗೆ, ದೀಪ, ಪರದೆಯ ಕೋಲು, ಏನಿದ್ದರೂ ಸೈ.

ಚೆಂದದ ಮನೆಗಳ ಫೋಟೋ ಹಾಕುವ ಹೊಳಪು ಪತ್ರಿಕೆಗಳಲ್ಲಿ ಮನೆಯ ಯಜಮಾನರ ಹೆಸರಿರುತ್ತದೆ, ವಿನ್ಯಾಸ ಮಾಡಿದವರ ಹೆಸರಿರುತ್ತದೆ, ಫೋಟೋ ತೆಗೆದವರ ಹೆಸರಂತೂ ಇದ್ದೇ ಇರುತ್ತದೆ. ಆ ಗೋಡೆಯ ಮೇಲಿನ ಹನ್ನೆರಡು ಚೌಕಟ್ಟುಗಳನ್ನು ಒಂದು ಕೂದಲೆಳೆಯೂ ಆಚೀಚೆಯಾಗದಂತೆ ನಿಲ್ಲಿಸಿದವರು ಯಾರೆಂದು ಯಾರೂ ಕೇಳುವುದಿಲ್ಲ. ಎಲೆಮರೆಯ ಕಾಯಿ ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಇವರಿಗೆ ಅದರ ಬಗ್ಗೆ ಕೊರಗಿಲ್ಲ. “ಹೆಸರು ಹಾಕಿದ್ರೆ ಅದನ್ನೂ ನೇರ ಇದೆಯಾ ಅಂತ ನೋಡ್ತಾ ಕೂರಬೇಕಾಗುತ್ತೆ,” ಎಂದು ನಗುತ್ತಾರೆ.

ದಿನಕ್ಕೆ ಎರಡು ಮನೆ, ಕೆಲವೊಮ್ಮೆ ಮೂರು. ಒಟ್ಟು ಇಪ್ಪತ್ತೈದರಿಂದ ಮೂವತ್ತು ತೂತು. ಹೆಗಲ ಚೀಲದ ತೂಕ ಒಂಬತ್ತು ಕೆಜಿ. ಅದರಲ್ಲಿ ಡ್ರಿಲ್ ಮೆಷೀನು, ಸುತ್ತಿಗೆ, ಟೇಪು, ನೇರ ನೋಡುವ ರಸಮಟ್ಟ, ಡಬ್ಬಿ ಡಬ್ಬಿ ಸ್ಕ್ರೂ. ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಬರಬೇಕು, ಎರಡು ಬಸ್ಸು ಬದಲಿಸಿ ಮನೆಗೆ ಹೋಗಬೇಕು. ಎಷ್ಟು ಮನೆಗಳಾದವು ಎಂದು ಅವರು ಲೆಕ್ಕ ಇಟ್ಟಿಲ್ಲ. ಆದರೆ ಸವೆದುಹೋದ ಡ್ರಿಲ್ ಬಿಟ್ಟುಗಳನ್ನು ಎಸೆಯಲು ಮನಸ್ಸು ಬಾರದೆ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತ ಬಂದಿದ್ದಾರೆ. ಅಂಥ ಎರಡು ಡಬ್ಬಿ ತುಂಬಿ ಮೂರನೆಯದು ಶುರುವಾಗಿದೆ.

ಅವರ ಯಜಮಾನರದು ಬಣ್ಣದ ಕೆಲಸ. ಬಣ್ಣಕ್ಕೆ ಮುಂಚೆ ಗೋಡೆಯ ತೂತು, ಬಿರುಕುಗಳಿಗೆ ಪುಟ್ಟಿ ಮೆತ್ತಿ ನುಣ್ಣಗೆ ಮಾಡುವುದರಲ್ಲಿ ಎತ್ತಿದ ಕೈ. ಹಾಗಾಗಿ ಆರಡಿ ಎತ್ತರದ, ಪೊದೆ ಮೀಸೆಯ ಈ ಆಸಾಮಿಯನ್ನು ಕೆಲಸದವರೆಲ್ಲ ‘ಪುಟ್ಟಿ’ ಎಂದೇ ಕರೆಯುತ್ತಾರೆ. ಫೋನಿನಲ್ಲಿ “ಪುಟ್ಟಿ ಇದ್ದಾಳಾ?” ಎಂದು ಕೇಳಿದವರಿಗೆ ಇವರ ಗಡಸು ದನಿ “ಹೇಳಿ” ಅಂದಾಗ ಆಚೆ ಕಡೆಯವರು ತಬ್ಬಿಬ್ಬಾದದ್ದುಂಟು. “ನಮ್ಮದು ಒಳ್ಳೇ ಸಂಸಾರ,” ಎನ್ನುತ್ತಾರೆ ಪುಟ್ಟಿ. “ಅವಳು ಊರಿಗೆಲ್ಲ ತೂತು ಹಾಕ್ಕೊಂಡು ಹೋಗ್ತಾಳೆ, ನಾನು ಹಿಂದೆ ಮುಚ್ಕೊಂಡು ಬರ್ತೀನಿ.”

ಮೊಳೆಯಕ್ಕ ಮೊದಲು ಇದ್ದದ್ದು ಒಂದು ಫೋಟೋ ಚೌಕಟ್ಟಿನ ಅಂಗಡಿಯಲ್ಲಿ. ಹನ್ನೊಂದು ವರ್ಷ ಅಲ್ಲಿ ಗಾಜು ಒರೆಸಿದರು, ಮರದ ಪಟ್ಟಿ ಕೊಯ್ದರು, ಮೂಲೆಗೆ ಮೂಲೆ ಕೂಡಿಸಿದರು. ಬೇರೆಯವರ ಮದುವೆ, ಬೇರೆಯವರ ಮಕ್ಕಳು, ಬೇರೆಯವರ ಪದವಿ ಪತ್ರ, ಎಲ್ಲಕ್ಕೂ ಅಂಚು ಕಟ್ಟಿ ಕಳಿಸಿದರು. ಅವು ಹೋಗಿ ಎಲ್ಲಿ ನೆಲೆ ನಿಂತವೋ ನೋಡಿರಲಿಲ್ಲ. ಒಂದು ದಿನ ಮನೆಗೆ ಹೋಗಿ ಚೌಕಟ್ಟು ಹಾಕಿಕೊಡುವ ಮನುಷ್ಯ ಕೆಲಸಕ್ಕೆ ಬರಲಿಲ್ಲ. ಗಿರಾಕಿಯೊಬ್ಬರು ಅಂಗಡಿಯಲ್ಲಿ ಕೂತು ಒಂದೇ ಸಮನೆ ಅವಸರ ಮಾಡುತ್ತಿದ್ದರು. ಮಾಲೀಕರು ಇವರ ಕೈಗೆ ಸುತ್ತಿಗೆ ಕೊಟ್ಟು ಕಳಿಸಿದರು.

“ಆ ಮನೆಗೆ ಹೋಗಿ ನೋಡ್ತೀನಿ, ಎಲ್ಲಾನೂ ಮೇಲೆ, ಇನ್ನೇನು ಸೂರಿಗೆ ತಾಗೋ ಹಾಗೆ ಹಾಕಿದ್ದಾರೆ. ನಾನು ಒಂದು ವಾರ ಕೂತು ಮಾಡಿದ ಚೌಕಟ್ಟು, ಕತ್ತೆತ್ತಿ ನೋಡಬೇಕು! ಜನ ಎಲ್ಲಿ ಕೂರ್ತಾರೋ, ಎಲ್ಲಿ ನಡೀತಾರೋ, ಅವರ ಕಣ್ಣು ಎಲ್ಲಿರುತ್ತೋ ಅಲ್ಲಿ ಇರಬೇಡವಾ ಚಿತ್ರ? ಅವತ್ತೇ ತಲೆಗೆ ಹೊಕ್ಕಿತು ಈ ಹುಳ.”

ಕೆಲವು ವರ್ಷಗಳ ಮೇಲೆ ಅಂಗಡಿ ಮುಚ್ಚಿತು. ಬಾಗಿಲು ಹಾಕುವ ದಿನ ಮಾಲೀಕರು ಕೆಲಸದವರನ್ನು ಕರೆದು, “ನೆನಪಿಗೆ ಏನು ಬೇಕೋ ತಗೊಂಡು ಹೋಗಿ” ಅಂದರು. ಒಬ್ಬರು ಕನ್ನಡಿ ತೆಗೆದುಕೊಂಡರು, ಇನ್ನೊಬ್ಬರು ಮೇಜು. ಇವರು ಡ್ರಿಲ್ ಮೆಷೀನನ್ನೂ ರಸಮಟ್ಟವನ್ನೂ ಕೈಗೆತ್ತಿಕೊಂಡಾಗ ಮಾಲೀಕರು, “ಇದನ್ನ ತಗೊಂಡು ಏನಮ್ಮ ಮಾಡ್ತೀಯ?” ಎಂದು ಹುಬ್ಬು ಹಾರಿಸಿದರು.

ಅದೇ ಪ್ರಶ್ನೆಯನ್ನು ಆಮೇಲೆ ಊರಿನ ಅರ್ಧಕ್ಕರ್ಧ ಕಾವಲುಗಾರರು ಕೇಳಿದ್ದಾರೆ. “ಡ್ರಿಲ್ ಮಾಡೋರು ಎಲ್ಲಿ?” ಎಂದು ಅವರು ಇವರ ಬೆನ್ನ ಹಿಂದೆ ಇಣುಕುತ್ತಾರೆ. “ನಾನೇ” ಅಂದರೆ ನಂಬುವುದಿಲ್ಲ. ಒಂದು ಮನೆಯಲ್ಲಂತೂ ಯಜಮಾನರು ಏಣಿಯ ಬುಡದಲ್ಲೇ ನಿಂತು, ಇಡೀ ಹೊತ್ತು “ಹುಷಾರು, ಹುಷಾರು” ಎಂದು ಜಪ ಮಾಡಿದರಂತೆ. “ಕೊನೆಗೆ ಏಣಿಗೆ ಕಾಲು ತಾಗಿ ಅವರೇ ಬಿದ್ರು,” ಎನ್ನುವಾಗ ಮೊಳೆಯಕ್ಕನ ಮುಖದಲ್ಲಿ ತುಂಟತನ. “ಪಾಪ, ಏನೂ ಆಗಲಿಲ್ಲ. ಆಮೇಲೆ ಸುಮ್ಮನೆ ಸೋಫಾ ಮೇಲೆ ಕೂತ್ರು.”

ನಗುವಂಥದ್ದಲ್ಲದ ಕಥೆಯೂ ಒಂದಿದೆ. ಕೆಲಸ ಶುರು ಮಾಡಿದ ಎರಡನೇ ವರ್ಷ, ಮೇಷ್ಟರಮ್ಮನೊಬ್ಬರ ಮನೆಯಲ್ಲಿ ಗೋಡೆಯೊಳಗಿನ ನೀರಿನ ಪೈಪಿಗೇ ಡ್ರಿಲ್ಲಿನ ಬಿಟ್ಟನ್ನು ಇಳಿಸಿಬಿಟ್ಟರು. ಕಾರಂಜಿಯ ಹಾಗೆ ನೀರು ಚಿಮ್ಮಿತು. ಓಡಿಹೋಗೋಣ ಅನ್ನಿಸಿದ್ದು ನಿಜ, ಅದನ್ನು ಅವರು ಮುಚ್ಚಿಡುವುದಿಲ್ಲ. ಆದರೆ ಓಡಲಿಲ್ಲ. ಹೆಬ್ಬೆರಳನ್ನು ತೂತಿಗೆ ಒತ್ತಿ ನಿಂತರು. ಕಾವಲುಗಾರ ಕಟ್ಟಡದ ಕೀಲಿಕೈಗಳನ್ನೆಲ್ಲ ತಡಕಾಡಿ ನೀರಿನ ತಿರುಗಣೆ ಹುಡುಕಿ ನಿಲ್ಲಿಸುವುದಕ್ಕೆ ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಮೇಷ್ಟರಮ್ಮ ಹೊಸ ಸೋಫಾದ ಮೇಲೆ ಕೊಡೆ ಬಿಚ್ಚಿ ಹಿಡಿದುಕೊಂಡು, ಬೈಯಲೂ ಆಗದೆ ಬಿಡಲೂ ಆಗದೆ ಕೂತಿದ್ದರು. ಮಾರನೆಯ ದಿನ ಪುಟ್ಟಿ ಹೋಗಿ ಆ ಗೋಡೆಯನ್ನು ಗುರುತೇ ಸಿಗದಂತೆ ಸರಿಮಾಡಿ ಬಂದರು. ಅಂದಿನಿಂದ ಮೊಳೆಯಕ್ಕ ಗೋಡೆಯ ಮಾತು ಕೇಳದೆ ಮೆಷೀನು ಮುಟ್ಟುವುದಿಲ್ಲ.

ಜನರ ಮಾತನ್ನೂ ಹಾಗೆಯೇ ಕೇಳುತ್ತಾರೆ. ಒಂದು ಮನೆಗೆ ಹೋದರೆ ಅಲ್ಲಿರುವ ಪ್ರತಿಯೊಬ್ಬರನ್ನೂ, ಸಣ್ಣವರು ದೊಡ್ಡವರು ಎನ್ನದೆ, “ತೂಗುಹಾಕೋದು ನಿಮ್ದು ಏನಾದ್ರೂ ಇದೆಯಾ?” ಎಂದು ಕೇಳುವುದು ಅವರ ಪದ್ಧತಿ. ಮೂವತ್ತೊಂದು ಗಡಿಯಾರ ಇಟ್ಟುಕೊಂಡ ಒಬ್ಬರು, ಒಂದೊಂದೂ ಬೇರೆ ಬೇರೆ ಸಮಯ ತೋರಿಸುತ್ತಿದ್ದರೂ ತಲೆಕೆಡಿಸಿಕೊಳ್ಳದೆ, “ನನಗೆ ಟೈಮ್ ಬೇಡ ಕಣಮ್ಮ, ಟಿಕ್‌ಟಿಕ್ ಬೇಕು” ಅಂದಿದ್ದರು. ದಿನವಿಡೀ ಬಾಯಿ ಮುಚ್ಚದೆ ಮಾತಾಡುತ್ತಿದ್ದ ವಕೀಲೆಯೊಬ್ಬರು ಮಲಗುವ ಕೋಣೆಯ ಗೋಡೆ ತೋರಿಸಿ, “ಇಲ್ಲಿ ಏನೂ ಬೇಡ, ಒಂದು ಮೊಳೆಯೂ ಬೇಡ” ಎಂದು ಕೈ ಮುಗಿದಿದ್ದರು. ಹಲ್ಲಿನ ಡಾಕ್ಟರೊಬ್ಬರು ಮಗಳು ಗೀಚಿದ ಚಿತ್ರವನ್ನು ಬಾಗಿಲ ಪಕ್ಕ, ಚಪ್ಪಲಿ ಹಾಕಿಕೊಳ್ಳುವಾಗ ಬಗ್ಗಿದರೆ ಕಾಣುವಷ್ಟು ಕೆಳಗೆ ಹಾಕಿಸಿಕೊಂಡರು.

“ಡಿಸೈನ್ ಮಾಡೋರು ಬುದ್ಧಿವಂತರು, ಅವರ ಕೈಗುಣ ದೊಡ್ಡದು. ಆದ್ರೆ ಅವರು ಹೋಗಿ ಆರು ತಿಂಗಳಾದ್ಮೇಲೆ ಮನೆಯವರು ನನಗೆ ಫೋನ್ ಮಾಡ್ತಾರೆ, ಮೆಲ್ಲಗೆ. ‘ಅಟ್ಟದ ಮೇಲೆ ನಮ್ಮ ಹಳೇದು ಒಂದಿದೆ, ಬಂದು ಹಾಕ್ಕೊಡ್ತೀರಾ’ ಅಂತ. ಅದಕ್ಕೇ ನಾನು ಮೊದಲೇ ಕೇಳಿಬಿಡ್ತೀನಿ.”

ಹಾಗೆ ಕೇಳಿದ್ದರಿಂದಲೇ ಈ ಆರನೇ ಮಹಡಿಯ ಮನೆಯಲ್ಲಿ ಆ ಬುಧವಾರ ಒಂದು ಪ್ರಸಂಗ ಹುಟ್ಟಿಕೊಳ್ಳುತ್ತದೆ.

ಮನೆಯ ಯಜಮಾನರು ನಾಲ್ಕು ಬೇಕರಿಗಳ ಒಡೆಯರು. ಹೆಂಡತಿ, ಹದಿನಾರರ ಮಗಳು, ಜೊತೆಗೆ ಯಜಮಾನರ ಅಕ್ಕ. ಈ ಅಕ್ಕನನ್ನು ಬೇಕರಿಯ ಕೆಲಸದವರೆಲ್ಲ ದೊಡ್ಡಮ್ಮ ಎನ್ನುತ್ತಾರೆ. ತಂದೆತಾಯಿ ಇಲ್ಲದ ತಮ್ಮನನ್ನು ಸಾಕಿದವರು, ಬೇಕರಿಯ ಒಲೆಯ ಮುಂದೆ ಮೂವತ್ತು ವರ್ಷ ನಿಂತವರು. ಮನೆಯವರು ಹೊಸ ಮನೆಗೆ ಬಂದು ವಾರವಾಗಿದೆ. ವಿನ್ಯಾಸ ಮಾಡಿದ ತರುಣಿ ಅಚ್ಚುಕಟ್ಟಿನವಳು. ಹಾಲಿನ ಕೆನೆಯ ಬಣ್ಣದ ಗೋಡೆ, ಬೂದು ಪರದೆ, ಊಟದ ಮೇಜಿನ ಹಿಂದಿನ ಗೋಡೆಗೆ ಹಿತ್ತಾಳೆಯ ಮೂರು ದೊಡ್ಡ ತಟ್ಟೆ. ಎಲ್ಲದಕ್ಕೂ ಅಳತೆ ಬರೆದು ನಕ್ಷೆ ಕೊಟ್ಟಿದ್ದಾಳೆ. ಶನಿವಾರ ಪತ್ರಿಕೆಯವರು ಫೋಟೋ ತೆಗೆಯಲು ಬರುತ್ತಾರೆ. ಮೊಳೆಯಕ್ಕನಿಗೆ ಬರುವ ಕೆಲಸದಲ್ಲಿ ಅರ್ಧದಷ್ಟು ಈ ಹುಡುಗಿಯ ಮೂಲಕವೇ ಬರುವುದು.

ಏಳು ಗಂಟೆಗೆ ಒಳಕೋಣೆಯ ಬಾಗಿಲು ತೆರೆದು ದೊಡ್ಡಮ್ಮ ಹೊರಗೆ ಬರುತ್ತಾರೆ. ಅರವತ್ತೆಂಟು ವರ್ಷ. ತುಂಬಿದ ತೋಳು, ಮೊಣಕೈಯ ಕೆಳಗೆಲ್ಲ ಹಳೆಯ ಸುಟ್ಟ ಕಲೆಗಳು. ಗೋಡೆಯ ಮೇಲಿನ ಮೂರು ದುಂಡನೆಯ ಕಾಗದಗಳನ್ನು ತಲೆ ಓರೆ ಮಾಡಿ ನೋಡುತ್ತಾರೆ.

“ಇದೇನಮ್ಮ, ಗೋಡೆಗೆ ಮೂರು ಬನ್ನು ಅಂಟಿಸಿದ್ದೀಯ?”

ಮೊಳೆಯಕ್ಕ ನಗು ತಡೆಯಲಾಗದೆ ಏಣಿಯಿಂದ ಇಳಿದೇ ಬಿಡುತ್ತಾರೆ. ಇಬ್ಬರೂ ಒಂದಷ್ಟು ಹೊತ್ತು ನಗುತ್ತಾರೆ. ನಗು ಅಡಗಿದ ಮೇಲೆ ಮೊಳೆಯಕ್ಕ ತಮ್ಮ ಮಾಮೂಲು ಪ್ರಶ್ನೆ ಕೇಳುತ್ತಾರೆ. “ದೊಡ್ಡಮ್ಮ, ತೂಗುಹಾಕೋದು ನಿಮ್ದು ಏನಾದ್ರೂ ಇದೆಯಾ?”

ದೊಡ್ಡಮ್ಮ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ. “ಇದೆ. ಯಾರಿಗೂ ಹೇಳಬೇಡ, ಬಾ.”

ಅವರ ಕೋಣೆಯಲ್ಲಿ ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಿಂದ ಹಳೆಯ ಹೊದಿಕೆಯಲ್ಲಿ ಸುತ್ತಿದ ಉದ್ದನೆಯದೊಂದು ವಸ್ತು ಹೊರಬರುತ್ತದೆ. ಬಿಚ್ಚಿದರೆ ಏಳಡಿಯ ಮರದ ಸಲಿಕೆ. ಉರಿಯುವ ಒಲೆಯೊಳಕ್ಕೆ ಬ್ರೆಡ್ಡು ನೂಕುವ, ಬೆಂದ ಮೇಲೆ ಹೊರಗೆಳೆಯುವ ಅಗಲ ಮೂತಿಯ ಸಲಿಕೆ. ಮೂತಿಯ ಅಂಚು ಸುಟ್ಟು ಕಪ್ಪಾಗಿದೆ. ಹಿಡಿಯ ಮೇಲೆ ಎರಡು ಕಡೆ, ಕೈ ಹಿಡಿಯುವ ಜಾಗ ಸವೆದು ಸಣ್ಣಗಾಗಿ, ಎಣ್ಣೆ ಹಚ್ಚಿದಂತೆ ಮಿರುಗುತ್ತದೆ. ಮೊಳೆಯಕ್ಕ ಅದರ ಮೇಲೆ ಕೈಯಾಡಿಸುತ್ತಾರೆ. ಮರ ಗೊತ್ತಿರುವ ಕೈ ಅದು.

“ಲಿಫ್ಟಲ್ಲಿ ಹಿಡಿಸಲಿಲ್ಲ,” ಎನ್ನುತ್ತಾರೆ ದೊಡ್ಡಮ್ಮ. “ಎಲ್ಲರೂ ಕೆಳಗೆ ಸಾಮಾನು ಇಳಿಸ್ತಿದ್ರಲ್ಲ, ಆಗ ಮೆಟ್ಟಿಲ ಮೇಲೆ ಹೊತ್ಕೊಂಡು ಬಂದೆ. ಒಂದೊಂದು ಮಹಡೀಲಿ ಕೂತು, ಸುಧಾರಿಸ್ಕೊಂಡು. ಮೂರನೇ ಮಹಡೀಲಿ ಒಂದು ಪುಟಾಣಿ ನೋಡಿ, ‘ಅಜ್ಜಿ, ದೋಣಿ ಎಲ್ಲಿ?’ ಅಂತ ಕೇಳ್ತು.”

ಅಷ್ಟರಲ್ಲಿ ಬಾಗಿಲಲ್ಲಿ ಯಜಮಾನರು. ಸಲಿಕೆ ನೋಡಿ ಅವರ ಮುಖ ಇಳಿಯುತ್ತದೆ.

“ಅಕ್ಕಾ! ಇದನ್ನ ಹಳೇ ಶೆಡ್ಡಲ್ಲೇ ಬಿಟ್ಟು ಬಾ ಅಂದಿದ್ನಲ್ಲ.”

“ನೀನು ಅಂದಿದ್ದೆ. ನಾನು ಹೂಂ ಅಂದಿರಲಿಲ್ಲ.”

“ಶನಿವಾರ ಫೋಟೋದವರು ಬರ್ತಾರೆ ಅಕ್ಕ. ಬಂದ ಜನ ನೋಡಿ ಏನಂದ್ಕೋತಾರೆ? ಇಷ್ಟು ಚೆಂದ ಮಾಡಿದ್ದಾರೆ, ಅದರ ಮಧ್ಯ ಇದೊಂದು ಸುಟ್ಟ ಕಟ್ಟಿಗೆ.”

ದೊಡ್ಡಮ್ಮ ಹೊದಿಕೆಯನ್ನು ಎಳೆದುಕೊಂಡು ಸಲಿಕೆಯನ್ನು ಮತ್ತೆ ಸುತ್ತತೊಡಗುತ್ತಾರೆ. ಹಿಂದೆ ಬಂದು ನಿಂತ ಯಜಮಾನರ ಹೆಂಡತಿ ಹೊದಿಕೆಯ ಜಾರಿದ ತುದಿಯನ್ನು ಎತ್ತಿಕೊಡುತ್ತಾರೆ. ಕೋಣೆಯಲ್ಲಿ ಎಲ್ಲರಿಗೂ ಇರಿಸುಮುರಿಸು.

ಇಂಥ ಕಡೆ ಕೆಲಸದವರು ಬಾಯಿ ಹಾಕಬಾರದು ಎಂಬುದು ಮೊಳೆಯಕ್ಕನಿಗೆ ಗೊತ್ತು. ಗೊತ್ತಿದ್ದೂ ಆ ದಿನ ಬಾಯಿ ಹಾಕುತ್ತಾರೆ.

“ಯಜಮಾನ್ರೇ, ಕಾಗದ ಅಂಟಿಸಿದ್ರೆ ಗೋಡೆಗೇನು ತೂತು ಬೀಳಲ್ಲ. ನಾನು ಶುಕ್ರವಾರ ಬಂದು ತೂತು ಹಾಕ್ತೀನಿ. ಅಲ್ಲೀತನಕ ತಟ್ಟೆ ಕಾಗದಾನೂ ಇರಲಿ, ಇದರ ಕಾಗದಾನೂ ಇರಲಿ. ಎರಡು ದಿನ ನೋಡಿ. ಬೇಡ ಅನ್ನಿಸಿದ್ರೆ ಕಿತ್ತು ಬಿಸಾಕಿ.”

ಯಜಮಾನರು ಹೂಂ ಎನ್ನುವುದಿಲ್ಲ, ಊಹೂಂ ಎಂದೂ ಎನ್ನುವುದಿಲ್ಲ. ಬೇಕರಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಾರೆ. ಮೊಳೆಯಕ್ಕ ಹಾಳೆಗೆ ಹಾಳೆ ಸೇರಿಸಿ ಏಳಡಿಯ ಕಾಗದದ ಸಲಿಕೆ ಕತ್ತರಿಸಿ, ಮೂರು ತಟ್ಟೆಗಳ ಕೆಳಗೆ ಅಡ್ಡಕ್ಕೆ ಅಂಟಿಸುತ್ತಾರೆ. ಆಮೇಲೆ ಗೋಡೆಯ ಫೋಟೋ ತೆಗೆದು ವಿನ್ಯಾಸದ ತರುಣಿಗೆ ಕಳಿಸಿ, ನಡೆದದ್ದನ್ನೆಲ್ಲ ಫೋನಿನಲ್ಲೇ ಹೇಳುತ್ತಾರೆ. “ಬೆನ್ನ ಹಿಂದೆ ಮಾಡೋ ಕೆಲಸ ಅಲ್ಲ ಇದು. ಮನೆ ಅವರದು, ನಕ್ಷೆ ನಿಮ್ದು ಮೇಡಂ. ನಂದು ಕಾಗದ ಮಾತ್ರ.” ಆಚೆಯಿಂದ ಬಂದದ್ದು ಒಂದೇ ಮಾತು: “ನೋಡೋಣ.”

ಆ ‘ನೋಡೋಣ’ ಎಂಬ ಪದ ಎರಡು ದಿನ ಮೊಳೆಯಕ್ಕನನ್ನು ಅರೆದು ಹಾಕುತ್ತದೆ. ಈ ಹುಡುಗಿ ಮುನಿಸಿಕೊಂಡರೆ ಅರ್ಧ ಕೆಲಸ ಕೈಬಿಟ್ಟಂತೆ. ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಅನ್ನ ಕೆದಕುತ್ತಿದ್ದವರನ್ನು ನೋಡಿ ಪುಟ್ಟಿ, “ನೋಡೋಣ ಅಂದ್ರೆ ನೋಡೋಣ ಅಂತ. ಅದಕ್ಯಾಕೆ ಊಟ ಬಿಡ್ತೀಯ? ನಿನ್ನ ಕಾಗದ ಕಿತ್ತು ಹಾಕಿದ್ರೆ ಪುಟ್ಟಿ ಮೆತ್ತೋ ಖರ್ಚೂ ಇಲ್ಲ,” ಎಂದು ಸಮಾಧಾನ ಹೇಳುತ್ತಾರೆ.

ಶುಕ್ರವಾರ ಮತ್ತೆ ಬೆಳಗಿನ ಆರಕ್ಕೆ ಆ ಮನೆ. ಬಾಗಿಲು ತೆರೆಯುವವರು ಸ್ವತಃ ಯಜಮಾನರು. ಒಳಗೆ ಬಂದು ನೋಡಿದರೆ ಮೂರು ದುಂಡು ಕಾಗದಗಳು ಗೋಡೆಯ ಮೇಲಿಲ್ಲ. ಮಡಚಿ ಮೇಜಿನ ಮೇಲೆ ಇಟ್ಟಿದೆ. ಗೋಡೆಯಲ್ಲಿರುವುದು ಉದ್ದನೆಯ ಕಾಗದ ಒಂದೇ.

ಹಿಂದಿನ ಬೆಳಿಗ್ಗೆ ನಡೆದದ್ದನ್ನು ಮಗಳು ಉತ್ಸಾಹದಿಂದ ಹೇಳುತ್ತಾಳೆ. ತಿಂಡಿಯ ಹೊತ್ತಿನಲ್ಲಿ ಅವಳು ಗೋಡೆಯ ಕಾಗದ ನೋಡಿ, “ಅತ್ತೆ, ಇದನ್ನ ಹೇಗೆ ಹಿಡಿಯೋದು ತೋರಿಸಿ” ಎಂದು ಹಟ ಹಿಡಿದಳು. ದೊಡ್ಡಮ್ಮ ಬೇಡ ಬೇಡ ಎನ್ನುತ್ತಲೇ ಎದ್ದು ಸಲಿಕೆ ತಂದರು. ಎರಡೂ ಕೈಯಲ್ಲಿ ಹಿಡಿದು ಕಾಲು ಅಗಲಿಸಿ ನಿಂತದ್ದೇ ತಡ, ಬಾಗಿದ ಬೆನ್ನು ನೆಟ್ಟಗಾಯಿತು. ಮೇಜಿನ ಆ ತುದಿಯಲ್ಲಿ ಯಜಮಾನರ ಹೆಂಡತಿ ಆಗತಾನೆ ಸುರಿದಿಟ್ಟ ಚಹಾದ ಲೋಟ ಇತ್ತು. ದೊಡ್ಡಮ್ಮ ಸಲಿಕೆಯ ಮೂತಿಯನ್ನು ಅದರ ಅಡಿಗೆ ಸರ್ರೆಂದು ತೂರಿಸಿದರು, ಎತ್ತಿದರು, ಕೋಣೆಯ ಈ ಮೂಲೆಯಲ್ಲಿ ಪೇಪರು ಓದುತ್ತಿದ್ದ ತಮ್ಮನ ಮೂಗಿನ ಕೆಳಗೆ ತಂದು ನಿಲ್ಲಿಸಿದರು. ಒಂದು ಹನಿ ಚೆಲ್ಲಲಿಲ್ಲ.

“ನಾವೆಲ್ಲ ಚಪ್ಪಾಳೆ ಹೊಡೆದ್ವಿ,” ಎನ್ನುತ್ತಾಳೆ ಮಗಳು. “ಅಪ್ಪ ಮೊದಲು ನಕ್ಕರು. ಆಮೇಲೆ ಲೋಟ ತಗೊಳ್ಳದೆ ಹಾಗೇ ಕೂತುಬಿಟ್ರು.”

ಯಾಕೆಂದು ಯಜಮಾನರೇ ಹೇಳುತ್ತಾರೆ, ಗೋಡೆಯ ಕಡೆ ಮುಖ ಮಾಡಿಕೊಂಡು. “ನಾನಾಗ ಎಂಟು ವರ್ಷದೋನು. ಒಲೆ ಹತ್ರ ಬಂದ್ರೆ ಸುಟ್ಕೋತೀನಿ ಅಂತ ಅಕ್ಕ ನನ್ನ ದೂರದಲ್ಲೇ ಕೂರಿಸ್ತಿದ್ಲು. ಮೊದಲ ಬಿಸಿ ಬನ್ನು ನನಗೆ. ಸಲಿಕೆ ತುದೀಲಿ ಇಟ್ಟು, ಅಲ್ಲಿಂದಲೇ ನನ್ನ ಕೈಗೆ. ನಾಲ್ಕು ಬೇಕರಿ ಆದ್ವು. ಇದೊಂದನ್ನ ಮರೆತೇಬಿಟ್ಟಿದ್ದೆ.” ಕಾಗದದ ತುದಿಯನ್ನು ಬೆರಳಿನಿಂದ ಒತ್ತಿ, “ಅದನ್ನ ಕಟ್ಟಿಗೆ ಅಂದೆನಲ್ಲಮ್ಮ ನಾನು, ನಿನ್ನೆದುರಿಗೇ,” ಎನ್ನುತ್ತಾರೆ.

ಮೊಳೆಯಕ್ಕ ಟೇಪು ಬಿಚ್ಚುತ್ತಾರೆ.

ಹತ್ತು ಗಂಟೆಗೆ ವಿನ್ಯಾಸದ ತರುಣಿ ಬರುತ್ತಾಳೆ. ಚಪ್ಪಲಿ ಬಿಟ್ಟು ನೇರ ಊಟದ ಕೋಣೆಗೆ ಬಂದವಳು ಗೋಡೆಯನ್ನು ನೋಡುತ್ತಾಳೆ, ಗೋಡೆಗೊರಗಿಸಿದ ಸಲಿಕೆಯನ್ನು ನೋಡುತ್ತಾಳೆ. ಎದುರಿನ ಗೋಡೆಗೆ ಬೆನ್ನು ತಾಗುವವರೆಗೂ ಹಿಂದೆ ಹಿಂದೆ ನಡೆಯುತ್ತಾಳೆ. ಮೊಳೆಯಕ್ಕ ಪೆನ್ಸಿಲು ಹಿಡಿದು ಏಣಿಯ ಪಕ್ಕ ನಿಂತಿದ್ದಾರೆ.

“ಅಕ್ಕ, ನಾಲ್ಕು ಇಂಚು ಕೆಳಗೆ ಬರಲಿ,” ಎನ್ನುತ್ತಾಳೆ ಕೊನೆಗೆ. “ದೀಪ ಒಂದಡಿ ಎಡಕ್ಕೆ. ಆ ಸವೆದಿರೋ ಜಾಗದ ಮೇಲೆ ಬೆಳಕು ಬೀಳಬೇಕು.” ಆಮೇಲೆ ಯಜಮಾನರ ಕಡೆ ತಿರುಗಿ, “ಸರ್, ಇದರ ವಿಷಯ ನನಗೆ ಮೊದಲೇ ಯಾಕೆ ಹೇಳಲಿಲ್ಲ?”

“ನೀವು ಯಾವ ಬಣ್ಣ ಇಷ್ಟ ಅಂತ ಕೇಳಿದ್ರಿ,” ಎನ್ನುತ್ತಾರೆ ಯಜಮಾನರು. “ನಾನು ಕೆನೆ ಬಣ್ಣ ಅಂದೆ.”

ತರುಣಿ ನಾಚಿಕೊಂಡು ನಗುತ್ತಾಳೆ. ಹಿತ್ತಾಳೆಯ ತಟ್ಟೆಗಳಿಗೆ ಬಾಗಿಲ ಬಳಿಯ ಪ್ಯಾಸೇಜಿನಲ್ಲಿ ಜಾಗ ಸಿಗುತ್ತದೆ. ದೊಡ್ಡಮ್ಮನ ಕಣ್ಣಿಗೆ ಅವು ಅಲ್ಲಿಯೂ ಬನ್ನುಗಳೇ.

ಆದರೆ ದೊಡ್ಡಮ್ಮನದು ಒಂದು ಷರತ್ತು. “ಅದರ ಮೈಗೆ ಮೊಳೆ ಹೊಡೀಬೇಡ. ಬೇಕಾದಾಗ ಇಳಿಸ್ಕೊಳ್ಳೋ ಹಾಗಿರಬೇಕು.” ಮೊಳೆಯಕ್ಕ ಇದನ್ನು ಮೊದಲೇ ಊಹಿಸಿದ್ದರು. ಹಳೆಯ ಅಂಗಡಿಯ ಕಾಲದ ಗಟ್ಟಿ ಮರದ ಪಟ್ಟಿಯಿಂದ ಎರಡು ಗೂಟ ಕೆತ್ತಿ, ತುದಿಯಲ್ಲಿ ಹಿಡಿ ಕೂರುವಷ್ಟು ಕಚ್ಚು ಮಾಡಿ, ಮರಕ್ಕೆ ಮರ ಉಜ್ಜದಂತೆ ಒಳಗೆ ಮೆತ್ತನೆಯ ಬಟ್ಟೆ ಅಂಟಿಸಿ ತಂದಿದ್ದಾರೆ. ನಾಲ್ಕು ತೂತು, ಎಂಟು ನಿಮಿಷದ ಕೆಲಸ. ಗೂಟ ಬಿಗಿದ ಮೇಲೆ ಸಲಿಕೆ ಇಡುವುದಿಲ್ಲ. ಮೊದಲು ತಮ್ಮ ಸಲಕರಣೆ ಚೀಲವನ್ನು ಒಂದೊಂದು ಗೂಟಕ್ಕೂ ಹತ್ತು ಹತ್ತು ನಿಮಿಷ ನೇತುಹಾಕಿ, ಕೆಳಗೆ ಕೂತು ನೋಡುತ್ತಾರೆ. ಗೂಟ ಕೂದಲೆಳೆಯಷ್ಟೂ ಅಲುಗುವುದಿಲ್ಲ.

“ಈಗ ನೀವು ಇಡಿ ದೊಡ್ಡಮ್ಮ.”

ದೊಡ್ಡಮ್ಮ ಸಲಿಕೆ ಎತ್ತಿ ಗೂಟದ ಮೇಲಿಡುತ್ತಾರೆ. ತೆಗೆಯುತ್ತಾರೆ. ಮತ್ತೆ ಇಡುತ್ತಾರೆ. ಏಣಿ ಬೇಕಾಗುವುದಿಲ್ಲ, ಹಿಮ್ಮಡಿ ಎತ್ತಬೇಕಾಗುವುದಿಲ್ಲ. ಅವರ ಕೈಯೆತ್ತರವನ್ನು ಮೊಳೆಯಕ್ಕ ಬುಧವಾರವೇ ಕಣ್ಣಳತೆಯಲ್ಲಿ ಹಿಡಿದಿದ್ದರು. ಕಾಗದವನ್ನು ಮೇಲೆ ಅಂಟಿಸಿದ್ದು ಎಲ್ಲರಿಗೂ ಕಾಣಲೆಂದಷ್ಟೆ. ತರುಣಿ ಹೇಳಿದಂತೆ ನಾಲ್ಕು ಇಂಚು ಇಳಿಸಿದ ಎತ್ತರಕ್ಕೂ ಅದಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ತಿಂಗಳು ಕಳೆದು ಪತ್ರಿಕೆ ಬರುತ್ತದೆ. ಎರಡು ಪುಟದ ತುಂಬ ಆ ಊಟದ ಕೋಣೆ. ತರುಣಿಯ ಹೆಸರು ದೊಡ್ಡಕ್ಷರದಲ್ಲಿ, ಅದು ನ್ಯಾಯವೇ. ಸಲಿಕೆಯ ಕೆಳಗೆ ‘ಹಳೆಯ ಕಾಲದ ಅಪರೂಪದ ಅಲಂಕಾರಿಕ ವಸ್ತು’ ಎಂದು ಬರೆದಿದ್ದಾರೆ. ಅದನ್ನು ಮಗಳು ಓದಿ ಹೇಳಿದಾಗ ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. “ಅಲಂಕಾರ ಅಂತೆ! ದಿನಕ್ಕೆ ಮುನ್ನೂರು ಬ್ರೆಡ್ಡು ಎಳೆದು ನೋಡ್ಲಿ, ಗೊತ್ತಾಗುತ್ತೆ.” ಮೊಳೆಯಕ್ಕ ಪತ್ರಿಕೆಯಲ್ಲಿ ಒಂದಕ್ಷರವನ್ನೂ ಓದಲಿಲ್ಲ. ಪುಟದ ಅಂಚಿಗೂ ಸಲಿಕೆಯ ಹಿಡಿಗೂ ಬೆರಳಿಟ್ಟು ಅಳೆದು, “ನೇರ ಇದೆ” ಎಂದು ಮುಚ್ಚಿಟ್ಟರು. ಆ ಪತ್ರಿಕೆ ನೋಡಿ ತರುಣಿಗೆ ಮೂರು ಹೊಸ ಮನೆ ಬಂದಿವೆ. ಮೂರಕ್ಕೂ ಅವಳು ಮೊದಲ ದಿನವೇ ಮೊಳೆಯಕ್ಕನನ್ನು ಜೊತೆಗೆ ಕರೆದೊಯ್ಯುತ್ತಾಳೆ. ನಕ್ಷೆ ಬರೆಯುವ ಮೊದಲು, ಮನೆಯವರನ್ನು ಮಾತಾಡಿಸುವುದಕ್ಕೆ.

ಅದೇ ವಾರ ದೊಡ್ಡಮ್ಮನ ಫೋನು. “ಭಾನುವಾರ ಚಹಾಕ್ಕೆ ಬಾ. ಗಂಡನ್ನೂ ಕರ್ಕೊಂಡು ಬಾ. ಆ ಚೀಲ ಗೀಲ ಏನೂ ತರಬೇಡ.”

ಹದಿನೇಳು ವರ್ಷಗಳಲ್ಲಿ ಮೊಳೆಯಕ್ಕ ಕೂರದ ಕುರ್ಚಿಯಿಲ್ಲ, ಆದರೆ ಎಲ್ಲದರಲ್ಲೂ ಕೂತದ್ದು ಎತ್ತರ ನೋಡುವುದಕ್ಕೆ. ಕೆಲಸ ಮಾಡಿದ ಮನೆಗೆ ನೆಂಟರಂತೆ ಹೋಗುತ್ತಿರುವುದು ಇದೇ ಮೊದಲು. ಇಸ್ತ್ರಿ ಮಾಡಿದ ನೀಲಿ ಸೀರೆ, ಬರಿಗೈ. ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮಡಿಲಲ್ಲಿ, ಒಮ್ಮೆ ಮೇಜಿನ ಮೇಲೆ ಇಡುತ್ತಾರೆ. ಯಜಮಾನರ ಹೆಂಡತಿ ಚಹಾ ತರುತ್ತಾರೆ, ದೊಡ್ಡಮ್ಮ ತಾವೇ ನಾದಿ ಸುಟ್ಟ ಬ್ರೆಡ್ಡಿನ ಬಿಸಿ ತುಂಡು ಕೊಯ್ದು ಮುಂದಿಡುತ್ತಾರೆ. ಪುಟ್ಟಿ ಸುತ್ತಲೂ ನೋಡಿ, ಇಷ್ಟು ದೊಡ್ಡ ಮನೆಯಲ್ಲಿ ತನಗೆ ಒಂದು ತೂತಿನ ಕೆಲಸವನ್ನೂ ಹೆಂಡತಿ ಉಳಿಸಿಲ್ಲವೆಂದು ದೂರು ಹೇಳುತ್ತಾರೆ. ಎಲ್ಲರೂ ನಗುತ್ತಾರೆ.

ನಗುವಿನ ನಡುವೆ ಮೊಳೆಯಕ್ಕನ ಕಣ್ಣು ಪ್ಯಾಸೇಜಿನ ಕನ್ನಡಿಯ ಮೇಲೆ ಬೀಳುತ್ತದೆ. ಅದು ಅವರು ಹಾಕಿದ್ದಲ್ಲ, ಆಮೇಲೆ ಯಾರೋ ಹಾಕಿದ್ದು. ಎಡಕ್ಕೆ ಒಂದು ಚೂರು ವಾಲಿದೆ. ಅವರು ಮುಖ ತಿರುಗಿಸುತ್ತಾರೆ. ಚಹಾ ಕುಡಿಯುತ್ತಾರೆ. ಮತ್ತೆ ಕಣ್ಣು ಅಲ್ಲಿಗೇ ಹೋಗುತ್ತದೆ. ಪುಟ್ಟಿ ಮೇಜಿನ ಕೆಳಗೆ ಹೆಂಡತಿಯ ಕಾಲು ಒತ್ತುತ್ತಾರೆ, ಸುಮ್ಮನಿರು ಎಂಬಂತೆ. ಮೊಳೆಯಕ್ಕ ಸುಮ್ಮನಿರುತ್ತಾರೆ, ಇನ್ನೊಂದು ತುಂಡು ಬ್ರೆಡ್ಡು ತೆಗೆದುಕೊಳ್ಳುತ್ತಾರೆ.

ಹೊರಗೆ ಬಂದು ಬಸ್ಸಿಗೆ ಕಾಯುವಾಗ, ಮುಂದಿನ ಆಸೆ ಏನೆಂದು ಕೇಳಿದರೆ ಅವರು ಬಹಳ ಹೊತ್ತು ಯೋಚಿಸುವುದಿಲ್ಲ.

“ಭುಜ ಇನ್ನೊಂದು ಹತ್ತು ವರ್ಷ ನನ್ನ ಮಾತು ಕೇಳಲಿ, ಅಷ್ಟೆ. ಗೋಡೆ ನೋಡಿ ಯಾರೂ ನನ್ನ ನೆನೆಸ್ಕೋಬೇಕಾಗಿಲ್ಲ. ಬಾಗಿಲು ತೆಗೆದು ಒಳಗೆ ಬಂದಾಗ ‘ಹೂಂ, ಇದು ನಮ್ಮನೆ’ ಅನ್ನಿಸಿದ್ರೆ ಸಾಕು. ಅದನ್ನ ಯಾರು ಹಾಕಿದ್ದು ಅಂತ ನನಗೆ ಗೊತ್ತಿರುತ್ತಲ್ಲ.”